ಸ್ಪಾಟ್-ಆನ್ ಹಾಕಿದರೂ ನಾಯಿಗಳ ಉಣುಗು ಹೋಗುತ್ತಿಲ್ಲ, ಈಗ ಗೋಡೆಗೂ ಹತ್ತುತ್ತಿವೆ

ಜಗಲಿಕಟ್ಟೆ (ಪ್ರಶ್ನೆ):

ಸಾಗರದ ಕಡೆ, ತೋಟದ ಮನೆ. ಎರಡು ನಾಯಿ. ಒಂದು ಲ್ಯಾಬ್ರಡಾರ್, 31 ಕೆಜಿ. ಇನ್ನೊಂದು ಊರ ನಾಯಿ, ಹೆಣ್ಣು, 16 ಕೆಜಿ. ಎರಡಕ್ಕೂ ಉಣುಗು ವಿಪರೀತ. ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕೊರಳಪಟ್ಟಿಯ ಅಡಿಯಲ್ಲಿ ಎಷ್ಟು ಕಿತ್ತರೂ ಮಾರನೇ ದಿನ ಮತ್ತೆ ಅಷ್ಟೇ. ಫಿಪ್ರೊನಿಲ್ ಸ್ಪಾಟ್-ಆನ್ (ಸಣ್ಣ ಕೊಳವೆಯಿಂದ ಚರ್ಮಕ್ಕೆ ಹಿಂಡುವ ಉಣುಗಿನ ಔಷಧಿ) 1.34 ಮಿ.ಲೀ. ಪೈಪೆಟ್ ಎರಡಕ್ಕೂ ಒಂದೊಂದು ಹಾಕಿದ್ದೇವೆ. ಶಾಂಪೂ ಸ್ನಾನ ಮಾಡಿಸಿ, ಮೈ ಒಣಗಿದ ಮೇಲೆ ಬೆನ್ನುದ್ದಕ್ಕೂ ಸವರಿದ್ದು. ಎರಡು ವಾರವೂ ಹಿಡಿಯಲಿಲ್ಲ.

ಈಗ ಸಂಜೆಯಾದರೆ ಜಗಲಿಯ ಚಿರೆಕಲ್ಲಿನ ಗೋಡೆ ಮೇಲೆ ಸಣ್ಣ ಕಂದು ಉಣುಗು ಸಾಲಾಗಿ ಪಕಾಸಿನ ಕಡೆ ಹತ್ತುತ್ತವೆ. ನಾಯಿ ಮಲಗುವ ಗೋಣಿಚೀಲದ ಪಕ್ಕದ ಗೋಡೆಯಲ್ಲೇ ಜಾಸ್ತಿ. ಕೊಟ್ಟಿಗೆ ಹತ್ತು ಮಾರು ದೂರದಲ್ಲಿದೆ, ಅಲ್ಲಿಂದ ಬರುತ್ತಿರಬಹುದು ಅಂತ ಅನುಮಾನ.

ಕೇಳಬೇಕಾದ್ದು: ಈ ಔಷಧಿಗೆ ಉಣುಗು ಸಾಯುವುದು ನಿಂತಿದೆಯೇ? ದನಕ್ಕೆ ಹೊಡೆಯುವ ಔಷಧಿಯನ್ನೇ ನಾಯಿಗೆ ಹಾಕಬಹುದೇ? ನಾಯಿಗಳನ್ನು ಎರಡು ತಿಂಗಳು ತೋಟದ ಶೆಡ್‌ನಲ್ಲಿ ಕಟ್ಟಿದರೆ ಮನೆಯ ಉಣುಗು ತಾನಾಗಿ ಸಾಯುತ್ತದೆಯೇ? ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಹಚ್ಚಿ ಅನ್ನುವವರೂ ಇದ್ದಾರೆ.

ನಾಲ್ಕುಕಾಲು:

ಔಷಧಿಯನ್ನು ದೂರುವ ಮೊದಲು ಹಾಕಿದ ರೀತಿ ನೋಡಿ. 1.34 ಮಿ.ಲೀ. ಪೈಪೆಟ್ 10ರಿಂದ 20 ಕೆಜಿ ನಾಯಿಗೆ. 31 ಕೆಜಿಯ ಲ್ಯಾಬ್‌ಗೆ ಬೇಕಾದ್ದು 20–40 ಕೆಜಿಯ ಪೈಪೆಟ್, ಅಂದರೆ 2.68 ಮಿ.ಲೀ. ಅದಕ್ಕೆ ಸಿಕ್ಕಿದ್ದು ಅರ್ಧ ಡೋಸ್. ಶಾಂಪೂ ಆದ ಕೂಡಲೇ ಹಾಕಿದ್ದೂ ಸರಿಯಲ್ಲ. ಫಿಪ್ರೊನಿಲ್ ಮೈಯೆಲ್ಲ ಹರಡುವುದು ಚರ್ಮದ ಜಿಡ್ಡಿನ ಮೂಲಕ, ಆಮೇಲೆ ಕೂದಲ ಬುಡದ ಜಿಡ್ಡಿನ ಗ್ರಂಥಿಗಳಲ್ಲಿ ಕೂತು ನಿಧಾನವಾಗಿ ಹೊರಬರುತ್ತದೆ. ಜಿಡ್ಡನ್ನೆಲ್ಲ ತೊಳೆದ ಮೇಲೆ ಅದು ಹೋಗುವುದಾದರೂ ಎಲ್ಲಿಗೆ? ಹಾಕುವ ಎರಡು ದಿನ ಮೊದಲಿಂದ, ಹಾಕಿದ ಎರಡು ದಿನದವರೆಗೆ ಸ್ನಾನ ಬೇಡ. ಆಮೇಲೂ ವಾರಕ್ಕೊಂದಕ್ಕಿಂತ ಹೆಚ್ಚು ಸ್ನಾನ ಬೇಡ.

ಬೆನ್ನುದ್ದಕ್ಕೂ ಸವರಿದರೆ ಮುಕ್ಕಾಲು ಪಾಲು ಕೂದಲಿಗೇ ಹೋಗುತ್ತದೆ. ಭುಜದ ಎಲುಬುಗಳ ನಡುವೆ, ನಾಲಿಗೆ ಎಟುಕದ ಜಾಗದಲ್ಲಿ ಕೂದಲನ್ನು ಎರಡೂ ಕಡೆ ಬಿಡಿಸಿ. ಬಿಳಿ ಚರ್ಮ ಕಾಣಬೇಕು. ಪೈಪೆಟ್ಟಿನ ತುದಿಯನ್ನು ಚರ್ಮಕ್ಕೆ ಮುಟ್ಟಿಸಿ ಹಿಂಡಿ. ಉಜ್ಜಬೇಡಿ.

ಇಷ್ಟೆಲ್ಲ ಸರಿಮಾಡಿದರೂ ನಿಮ್ಮ ತೊಂದರೆ ಅರ್ಧ ಮಾತ್ರ ಮುಗಿಯುತ್ತದೆ. ಯಾಕೆಂದರೆ ನಿಮ್ಮ ಉಣುಗು ಇರುವುದು ನಾಯಿಯ ಮೈಮೇಲಲ್ಲ, ಗೋಡೆಯಲ್ಲಿ. ಗೋಡೆ ಹತ್ತುವ ಕಂದು ಉಣುಗು ಅಂದರೆ ರಿಪಿಸೆಫಾಲಸ್ ಸ್ಯಾಂಗ್ವಿನಿಯಸ್, ನಾಯಿಯ ಉಣುಗು. ಕೊಟ್ಟಿಗೆಯನ್ನು ದೂರಬೇಡಿ. ದನದ ಮಾಮೂಲಿ ಉಣುಗು ಮರಿಯಾಗಿ ಹತ್ತಿದ್ದು ದೊಡ್ಡದಾಗುವವರೆಗೂ ಅದೇ ದನದ ಮೈಮೇಲೆ ಇದ್ದು ನೆಲಕ್ಕೆ ಉದುರುತ್ತದೆ, ಮನೆಯ ಗೋಡೆ ಹತ್ತಿ ಮಾಡು ಸೇರುವ ಬುದ್ಧಿ ಅದಕ್ಕಿಲ್ಲ. ನಾಯಿ ಉಣುಗು ಹಾಗಲ್ಲ. ಮೂರು ಸಲ ನಾಯಿ ಹತ್ತುತ್ತದೆ, ಮೂರು ಸಲ ಇಳಿಯುತ್ತದೆ. ಆರು ಕಾಲಿನ ಮರಿ ಕೆಲವು ದಿನ ರಕ್ತ ಕುಡಿದು ಉದುರಿ, ಸಂದಿಯಲ್ಲಿ ಪೊರೆ ಬಿಟ್ಟು ಎಂಟು ಕಾಲಿನದಾಗಿ ಮತ್ತೆ ಹತ್ತುತ್ತದೆ. ಮತ್ತೆ ಉದುರಿ, ಪೊರೆ ಬಿಟ್ಟು ಬಲಿತದ್ದಾಗಿ ಮೂರನೇ ಸಲ. ಕೊನೆಗೆ ಹೆಣ್ಣು ಹೊಟ್ಟೆತುಂಬ ರಕ್ತ ಕುಡಿದು, ಹುರುಳಿಕಾಳಿಗಿಂತ ದಪ್ಪ ಬೂದು ಚೀಲವಾಗಿ ಬಿದ್ದು, ಗೋಡೆಯ ಬಿರುಕಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಒಂದೇ ಹೆಣ್ಣು ನಾಲ್ಕು ಸಾವಿರದವರೆಗೂ ಇಡಬಲ್ಲದು. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆ ಒಡೆಯಲು ಸುಮಾರು ಮೂರು ವಾರ, ಇಡೀ ಸುತ್ತಿಗೆ ಎರಡರಿಂದ ಮೂರು ತಿಂಗಳು.

ಆದ್ದರಿಂದ ನಾಯಿಗಳನ್ನು ತೋಟದ ಶೆಡ್‌ಗೆ ಕಳಿಸುವ ಯೋಚನೆ ಬಿಟ್ಟುಬಿಡಿ. ಬಲಿತ ಉಣುಗು ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ಎರಡು ತಿಂಗಳ ನಂತರ ನಾಯಿ ವಾಪಸ್ ಬಂದ ದಿನವೇ ಹಸಿದದ್ದೆಲ್ಲ ಹತ್ತುತ್ತವೆ, ಅಷ್ಟರಲ್ಲಿ ಶೆಡ್‌ನಲ್ಲೂ ಸಂಸಾರ ಹೂಡಿರುತ್ತವೆ. ಉಲ್ಟಾ ಮಾಡಿ: ನಾಯಿಗೆ ಸರಿಯಾದ ಔಷಧಿ ಕೊಟ್ಟು ಜಗಲಿಯಲ್ಲೇ ಮಲಗಿಸಿ. ಗೋಡೆಯಿಂದ ಇಳಿದು ಹತ್ತಿದ ಪ್ರತಿ ಉಣುಗೂ ಮೊಟ್ಟೆ ಇಡದೆ ಸಾಯುತ್ತದೆ. ಮೂರು ತಿಂಗಳು ಒಂದು ದಿನವೂ ಔಷಧಿಯ ಅಂತರ ಬೀಳದ ಹಾಗೆ ನೋಡಿಕೊಂಡರೆ ಗೋಡೆ ಖಾಲಿಯಾಗುತ್ತಾ ಬರುತ್ತದೆ.

ಔಷಧಿ ಕೆಲಸ ಮಾಡುತ್ತಿದೆಯೋ ಇಲ್ಲವೋ ತಿಳಿಯಲು ಒಟ್ಟು ಲೆಕ್ಕ ಮಾಡಬೇಡಿ, ಗಾತ್ರ ನೋಡಿ. ಚಪ್ಪಟೆ ಕಂದು ಉಣುಗು ಸಿಕ್ಕರೆ ಅದು ಈಗಷ್ಟೇ ಹತ್ತಿದ್ದು, ಚಿಂತೆ ಇಲ್ಲ. ಊದಿದ ಬೂದು ಹೆಣ್ಣು ಸಿಕ್ಕರೆ ಅದು ದಿನಗಟ್ಟಲೆ ಆರಾಮವಾಗಿ ಕುಡಿದಿದೆ, ಔಷಧಿ ಸೋತಿದೆ ಅಂತ ಅರ್ಥ.

ಕರ್ಪೂರ ಬೇಡವೇ ಬೇಡ. ನಾಯಿ ನೆಕ್ಕುತ್ತದೆ, ಕರ್ಪೂರ ಹೊಟ್ಟೆಗೆ ಹೋದರೆ ಸೆಳೆತ ಬರುತ್ತದೆ.

ಕೆಂಪುಚುಕ್ಕೆ:

ಮೇಲಿನ ಉತ್ತರ ಒಪ್ಪುತ್ತೇನೆ, ಒಂದು ಮಾತು ಬಿಟ್ಟು. ಚಪ್ಪಟೆ ಉಣುಗು ಕಂಡರೆ ಚಿಂತೆ ಇಲ್ಲ ಅನ್ನುವುದು ಮನೆ ಖಾಲಿ ಮಾಡುವ ಲೆಕ್ಕದಲ್ಲಿ ಸರಿ, ಕಾಯಿಲೆಯ ಲೆಕ್ಕದಲ್ಲಿ ಅಲ್ಲ. ಈ ಉಣುಗು ನಾಯಿಯ ರಕ್ತಕ್ಕೆ ಕಾಯಿಲೆ ತರುವ ಎರ್ಲಿಕಿಯಾ ಮತ್ತು ಬೆಬೀಸಿಯಾ ಎಂಬ ಎರಡೂ ರೋಗಾಣುಗಳನ್ನು ದಾಟಿಸುತ್ತದೆ. ಬೆಬೀಸಿಯಾ ದಾಟಲು ಸಾಮಾನ್ಯವಾಗಿ ಒಂದೆರಡು ದಿನ ಕಚ್ಚಿಕೊಂಡಿರಬೇಕು, ಆದರೆ ಎರ್ಲಿಕಿಯಾ ಕೆಲವೇ ಗಂಟೆಗಳಲ್ಲಿ ದಾಟುತ್ತದೆ. ಅಫೊಕ್ಸೊಲೇನರ್, ಫ್ಲುರಲೇನರ್ ಮಾತ್ರೆಗಳು ಬಹಳ ಒಳ್ಳೆಯವು, ಆದರೆ ಅವು ಇರುವುದು ರಕ್ತದಲ್ಲಿ. ಉಣುಗು ಕಚ್ಚಿ ಕುಡಿದ ಮೇಲೆಯೇ ಸಾಯುವುದು, ಅದಕ್ಕೆ ಒಂದೆರಡು ದಿನ ಬೇಕು. ನಿಮ್ಮ ಮನೆಯಷ್ಟು ಉಣುಗು ಇರುವಲ್ಲಿ ಮಾತ್ರೆಯ ಜೊತೆ ಕಚ್ಚದ ಹಾಗೆ ತಡೆಯುವ ಕಾಲರ್ ಕೂಡ ಇರಲಿ: ಡೆಲ್ಟಾಮೆಥ್ರಿನ್‌ದು ಅಥವಾ ಇಮಿಡಾಕ್ಲೊಪ್ರಿಡ್-ಫ್ಲುಮೆಥ್ರಿನ್‌ದು. ಎರಡನ್ನೂ ಒಟ್ಟಿಗೆ ಹಾಕುವ ಮೊದಲು ವೈದ್ಯರಿಗೆ ಹೇಳಿ. ಮೂರ್ಛೆ ಬಂದ ಇತಿಹಾಸ ಇರುವ ನಾಯಿಗೆ ಈ ಜಾತಿಯ ಮಾತ್ರೆಗಳನ್ನು ಯೋಚಿಸಿಯೇ ಕೊಡಬೇಕು.

ಕಾಲರ್ ಸಡಿಲವಾಗಿ ನೇತಾಡಿದರೆ ಪ್ರಯೋಜನವಿಲ್ಲ. ಅದರ ಔಷಧಿ ಕೊರಳ ಚರ್ಮಕ್ಕೆ ತಾಗಿದರೆ ಮಾತ್ರ ಹರಡುತ್ತದೆ. ಎರಡು ಬೆರಳು ತೂರುವಷ್ಟು ಬಿಗಿ ಇರಲಿ, ಉಳಿದ ಬಾಲ ಕತ್ತರಿಸಿ ಹಾಕಿ. ಇಲ್ಲದಿದ್ದರೆ ಜೊತೆಗಿನ ನಾಯಿ ಅಗಿಯುತ್ತದೆ. ಡೆಲ್ಟಾಮೆಥ್ರಿನ್ ಕಾಲರ್ ಪೂರ್ತಿ ಹಿಡಿತಕ್ಕೆ ಬರಲು ಒಂದು ವಾರ ಬೇಕು, ಕಟ್ಟಿದ ಮರುದಿನವೇ ತೋಟಕ್ಕೆ ಬಿಟ್ಟು ಬಯ್ಯಬೇಡಿ.

ದಿನಾ ಒಂದು ನಿಮಿಷ ಕೊಡಿ. ನಾಯಿಯ ತುಟಿ ಎತ್ತಿ ಒಸಡು ನೋಡಿ. ಗುಲಾಬಿ ಇರಬೇಕು. ಬೆರಳಲ್ಲಿ ಒತ್ತಿ ಬಿಟ್ಟರೆ ಬಿಳಿಯಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಬಣ್ಣಕ್ಕೆ ಬರಬೇಕು. ಅಂಗಾತ ಮಲಗಿಸಿ ಹೊಟ್ಟೆಯ ಕೂದಲಿಲ್ಲದ ಭಾಗ ನೋಡಿ: ಸಾಸಿವೆಯಷ್ಟು ಕೆಂಪು ಚುಕ್ಕೆಗಳಿದ್ದು ಒತ್ತಿದರೂ ಮಾಯವಾಗದಿದ್ದರೆ ಚರ್ಮದಡಿ ರಕ್ತ ಸೋರಿದೆ, ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಇಳಿದಿರಬಹುದು. ಊಟ ಬಿಡುವುದು, ಜ್ವರ, ಮೂಗಿನಲ್ಲಿ ರಕ್ತ, ಬ್ಲ್ಯಾಕ್ ಕಾಫಿಯ ಬಣ್ಣದ ಮೂತ್ರ, ಇವುಗಳಲ್ಲಿ ಯಾವುದೇ ಒಂದು ಕಂಡರೂ ಅವತ್ತೇ ಹೋಗಿ. ರಕ್ತ ಪರೀಕ್ಷೆಗೆ ಕೊಡುವಾಗ ಪ್ಲೇಟ್‌ಲೆಟ್ ಲೆಕ್ಕದ ಜೊತೆ ಸ್ಮಿಯರ್ (ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವುದು) ಕೂಡ ಮಾಡಿಸಿ. ಬೆಬೀಸಿಯಾಕ್ಕೆ ಬೇರೆ ಔಷಧಿ, ಎರ್ಲಿಕಿಯಾಕ್ಕೆ ಬೇರೆ. ಎರ್ಲಿಕಿಯಾಕ್ಕೆ ಸಾಮಾನ್ಯವಾಗಿ ಬರೆಯುವುದು ಡಾಕ್ಸಿಸೈಕ್ಲಿನ್, 28 ದಿನ. ಎರಡು ಮೂರು ದಿನಕ್ಕೇ ನಾಯಿ ಎದ್ದು ಓಡಾಡುತ್ತದೆ, ಮನೆಯವರು ಮಾತ್ರೆ ನಿಲ್ಲಿಸುತ್ತಾರೆ. ತಿಂಗಳುಗಳ ನಂತರ ಅದೇ ಕಾಯಿಲೆ ಮೂಳೆಮಜ್ಜೆ ಹಿಡಿದು ವಾಪಸ್ ಬಂದರೆ ಉಳಿಸುವುದು ಬಹಳ ಕಷ್ಟ. ದಯವಿಟ್ಟು 28 ದಿನ ಪೂರೈಸಿ. ಜ್ವರ ಇದೆ ಅಂತ ಮನುಷ್ಯರ ಪ್ಯಾರಸಿಟಮಾಲ್, ಆಸ್ಪಿರಿನ್ ಕೊಡಬೇಡಿ. ಪ್ಲೇಟ್‌ಲೆಟ್ ಇಳಿದ ನಾಯಿಗೆ ಆಸ್ಪಿರಿನ್ ಕೊಟ್ಟರೆ ರಕ್ತಸ್ರಾವ ಹೆಚ್ಚುತ್ತದೆ.

ಕೀಳುವುದನ್ನೂ ಹೇಳಿಬಿಡುತ್ತೇನೆ. ಸೀಮೆಎಣ್ಣೆ, ಸುಣ್ಣ, ಊದಿನಕಡ್ಡಿ ಯಾವುದೂ ಬೇಡ. ಕಿರಿಕಿರಿಯಾದ ಉಣುಗು ಹೊಟ್ಟೆಯಲ್ಲಿದ್ದುದನ್ನು ಗಾಯದೊಳಕ್ಕೇ ಕಕ್ಕಬಹುದು. ಚೂಪು ತುದಿಯ ಚಿಮಟದಿಂದ ಚರ್ಮಕ್ಕೆ ಒತ್ತಿ, ಬಾಯಿಯ ಹತ್ತಿರ ಹಿಡಿದು, ತಿರುಚದೆ ನೇರ ಮೇಲಕ್ಕೆ ಒಂದೇ ಸಮ ಎಳೆಯಿರಿ. ಹೊಟ್ಟೆ ಹಿಡಿದು ಎಳೆದರೆ ತುಂಡಾಗುತ್ತದೆ. ಕಿತ್ತದ್ದನ್ನು ಸೋಪಿನ ನೀರಿನ ಬಾಟಲಿಗೆ ಹಾಕಿ ಮುಚ್ಚಳ ಬಿಗಿ ಮಾಡಿ. ಉಗುರಲ್ಲಿ ಚಿವುಟುವ ಅಭ್ಯಾಸ ನಮ್ಮ ಕಡೆ ಬಹಳ, ಅದನ್ನು ಬಿಡಿಸಬೇಕು. ಇದೇ ಉಣುಗು ಮನುಷ್ಯರಿಗೂ ಒಂದು ಬಗೆಯ ಟೈಫಸ್ ಜ್ವರ ತರುತ್ತದೆ.

ನೀವು ಸಾಗರದ ಕಡೆಯವರು ಅಂದಿದ್ದಕ್ಕೆ ಇದೊಂದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆಯ ಮುಖ್ಯ ವಾಹಕ ಹೆಮಾಫೈಸಾಲಿಸ್ ಸ್ಪಿನಿಜೆರಾ, ಅದು ಕಾಡಿನ ಉಣುಗು. ನಿಮ್ಮ ಗೋಡೆಯದು ಅದಲ್ಲ. ಆದರೆ ಕಾಡಿಗೆ, ದರಕಿನ ರಾಶಿಗೆ ಹೋಗಿ ಬರುವ ನಾಯಿ ಅದರ ಸಣ್ಣ ಮರಿಗಳನ್ನು ಅಂಗಳಕ್ಕೆ ಹೊತ್ತು ತರಬಹುದು. ಮಳೆಗಾಲ ಮುಗಿದಾಗಿನಿಂದ ಮೇವರೆಗೆ ನಾಯಿಯನ್ನು ಕಾಡಿಗೆ ಬಿಡದಿರುವುದೇ ವಾಸಿ. ಅಂಗಳದಲ್ಲೇ ಮೈ ಬಾಚಿ ಒಳಗೆ ಬಿಡಿ, ಮಂಚ-ಹಾಸಿಗೆಗೆ ಬೇಡ. ಉಣುಗು ಹತ್ತದಿರಲಿ ಅಂತ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಮನುಷ್ಯರ ಚರ್ಮಕ್ಕೆ ಮಾಡಿದ್ದು, ನಾಯಿಗೆ ಹಚ್ಚಬೇಡಿ.

ಜಗಲಿಕಟ್ಟೆ:

ಇಬ್ಬರಿಗೂ ವಂದನೆ. ಎರಡು ನಾಯಿಗೂ ಮಾತ್ರೆ ಕೊಡಿಸುತ್ತೇವೆ. ಗೋಡೆಗೆ ಏನು ಮಾಡುವುದು ಅಂತ ಇನ್ನೂ ಗೊತ್ತಾಗಲಿಲ್ಲ. ಚಿರೆಕಲ್ಲಿಗೆ ಗಾರೆ ಇಲ್ಲ, ತುಂಬ ತೂತು. ಪ್ರತಿವರ್ಷ ಸುಣ್ಣ ಬಳಿಯುತ್ತೇವೆ. ಕೊಟ್ಟಿಗೆಗೆ ತಂದ ಉಣುಗಿನ ಔಷಧಿ ಡೆಲ್ಟಾಮೆಥ್ರಿನ್ ಮತ್ತು ಅಮಿಟ್ರಾಜ್ ಎರಡೂ ಮನೆಯಲ್ಲಿವೆ. ಮನೆಯಲ್ಲಿ ಬೆಕ್ಕು ಇದೆ. ಊರ ನಾಯಿ ಮರಿ ಹಾಕಿ ಮೂರು ವಾರ ಆಯಿತು, ನಾಲ್ಕು ಮರಿ, ಅವುಗಳ ಮೈಯಲ್ಲೂ ಉಣುಗು ಇದೆ, ಚಿಗಟವೂ ಇರುವ ಹಾಗಿದೆ.

ಚಿರೆಕಲ್ಲು:

ಗೋಡೆ ಕೆಲಸದಲ್ಲಿ ಕ್ರಮ ತಪ್ಪಿದರೆ ದುಡ್ಡು ದಂಡ. ಮೊದಲು ಸಂದಿ ಮುಚ್ಚುವುದು, ಆಮೇಲೆ ಸುಣ್ಣ, ಸುಣ್ಣ ಪೂರ್ತಿ ಆರಿ ವಾರಗಳು ಕಳೆದ ಮೇಲೆ ಔಷಧಿ. ಹಸಿ ಸುಣ್ಣದ ಮೇಲೆ ಡೆಲ್ಟಾಮೆಥ್ರಿನ್ ಹೊಡೆದರೆ ಕ್ಷಾರಕ್ಕೆ ಅದು ಬೇಗ ಕೆಟ್ಟುಹೋಗುತ್ತದೆ. ಸುಣ್ಣ ಬಳಿದು ಮಾರನೇ ದಿನ ಔಷಧಿ ಹೊಡೆದು "ಏನೂ ಆಗಲಿಲ್ಲ" ಅನ್ನುವವರು ಬಹಳ ಮಂದಿ. ಸಗಣಿ ಸಾರಿಸಿದ ನೆಲವೂ ಹಾಗೆಯೇ, ಹೀರಿಕೊಳ್ಳುತ್ತದೆ, ಮುಂದಿನ ಸಲ ಸಾರಿಸಿದಾಗ ಅಡಿಗೆ ಹೋಗುತ್ತದೆ. ಈ ವರ್ಷ ಸುಣ್ಣ ಆಗಲೇ ಆಗಿದ್ದರೆ ಇನ್ನೊಂದು ಕೈ ಬಳಿಯಬೇಡಿ.

ನಾಯಿ ಮಲಗುವ ಜಾಗದ ಸುತ್ತ ನೆಲದಿಂದ ಶುರುಮಾಡಿ ಮಾಡಿನವರೆಗೂ ಚಿರೆಕಲ್ಲಿನ ತೂತು, ಕೀಲು ಎಲ್ಲ ಸಿಮೆಂಟ್-ಮರಳು 1:4ರಲ್ಲಿ ಒತ್ತಿ ತುಂಬಿ. ಮುಂಚೆ ತಂತಿ ಬ್ರಷ್ ಹಾಕಿ ಕೆರೆದು, ಉದುರಿದ್ದನ್ನು ಗುಡಿಸಿ ಸುಡಿ. ಅದರಲ್ಲಿ ಮೊಟ್ಟೆಯ ಗೊಂಚಲು ಇರುತ್ತದೆ, ಕಂದು ಬಣ್ಣದ ಗಸಗಸೆಯ ಹಾಗೆ ಹೊಳೆಯುತ್ತದೆ. ಉಣುಗು ಮೇಲಕ್ಕೇ ಹೋಗುವುದರಿಂದ ಸೊಂಟದೆತ್ತರಕ್ಕೆ ನಿಲ್ಲಿಸಿದರೆ ಕೆಲಸವಾಗದು. ಪಕಾಸು ಗೋಡೆಗೆ ಕೂರುವ ಜಾಗ, ಬಾಗಿಲ ದಾರಂದದ ಹಿಂದೆ, ಫೋಟೋ ಚೌಕಟ್ಟಿನ ಹಿಂದೆ, ಸ್ವಿಚ್ ಬೋರ್ಡಿನ ಅಂಚು ನೋಡಿ. ಗೋಣಿಚೀಲ ಪೂರ್ತಿ ತೆಗೆದು ಸುಟ್ಟುಬಿಡಿ. ಬದಲಿಗೆ ತೊಳೆಯಲು ಬರುವ ಹತ್ತಿ ಬಟ್ಟೆ ಎರಡು ಇಟ್ಟುಕೊಂಡು, ವಾರಕ್ಕೊಮ್ಮೆ ಕುದಿಯುವ ನೀರಿಗೆ ಹಾಕಿ. ಬೆಂಕಿ ಗನ್ ಹಿಡಿದು ಗೋಡೆಯ ಉಣುಗು ಸುಡುವ ಉಪಾಯ ಕಾಂಕ್ರೀಟ್ ಗೂಡಿಗೆ ಸರಿ, ರೀಪು-ಪಕಾಸಿನ ಮಾಡಿನ ಕೆಳಗೆ ಬೇಡ.

ಸಿಂಪಡಣೆಗೆ ಡಬ್ಬದ ಮೇಲೆ ಗೋಡೆಗೆ, ಕೊಟ್ಟಿಗೆಗೆ ಅಂತ ಬರೆದ ಪ್ರಮಾಣವನ್ನೇ ಸಿರಿಂಜಿನಲ್ಲಿ ಅಳೆದು ಹಾಕಿ, ಮುಚ್ಚಳದಲ್ಲಿ ಅಂದಾಜು ಬೇಡ. ಬೆರೆಸಿದ ದ್ರಾವಣ ಸಾದಾ ಗಾರೆ ಗೋಡೆಗೆ ಚದರ ಮೀಟರಿಗೆ ಸುಮಾರು 40 ಮಿ.ಲೀ. ಸಾಕು. ಹತ್ತಡಿ-ಹತ್ತಡಿ ಗೋಡೆಗೆ ಹತ್ತಿರ ಹತ್ತಿರ 400 ಮಿ.ಲೀ. ಚಿರೆಕಲ್ಲು ಇದಕ್ಕಿಂತ ಹೆಚ್ಚು ಕುಡಿಯುತ್ತದೆ. ಇಳಿದು ಸೋರುವಷ್ಟು ಬೇಡ, ಮೇಲ್ಮೈ ಒದ್ದೆಯಾದರೆ ಸಾಕು. ಸಂದಿಗಳಿಗೆ ಮಾತ್ರ ನಳಿಕೆ ಹತ್ತಿರ ಹಿಡಿದು ನಿಧಾನ ಹೋಗಿ. ಮೊಟ್ಟೆ ಇದಕ್ಕೆ ಸಾಯುವುದಿಲ್ಲ, ಅದಕ್ಕೇ ಮೂರು ವಾರ ಬಿಟ್ಟು ಎರಡನೇ ಸಲ ಹೊಡೆಯುವುದು, ಇನ್ನೂ ಮೂರು ವಾರಕ್ಕೆ ಮೂರನೇ ಸಲ. ಮೂರನೇ ಸಲದ ನಂತರವೂ ಒದ್ದೆ ಮಾಡಿದ ಉಣುಗು ಮಾರನೇ ದಿನ ಓಡಾಡುತ್ತಿದ್ದರೆ ಪ್ರಮಾಣ ಏರಿಸಬೇಡಿ, ಬೇರೆ ಗುಂಪಿನ ಔಷಧಿ ಕೇಳಿ. ಪೈರೆಥ್ರಾಯ್ಡ್‌ಗಳಿಗೆ (ಡೆಲ್ಟಾಮೆಥ್ರಿನ್ ಇರುವ ಗುಂಪು) ಬಗ್ಗದ ನಾಯಿ ಉಣುಗು ನಮ್ಮ ದೇಶದಲ್ಲೂ ಇದೆ.

ತುಡುವೆ ಜೇನುಪೆಟ್ಟಿಗೆ ಜಗಲಿ ಪಕ್ಕ ಇದ್ದರೆ ಮೊದಲು ದೂರ ಸಾಗಿಸಿ. ಡೆಲ್ಟಾಮೆಥ್ರಿನ್ ಜೇನಿಗೂ ಮೀನಿಗೂ ವಿಷ. ಸಿಂಪಡಿಸಿದ ಪಂಪನ್ನು ಹಳ್ಳದಲ್ಲಿ ತೊಳೆಯಬೇಡಿ. ಗೋಡೆ ಒಣಗುವವರೆಗೆ ನಾಯಿ, ಬೆಕ್ಕು, ಮಕ್ಕಳು ಆ ಕಡೆ ಬರಬಾರದು.

ನಾಲ್ಕುಕಾಲು:

ಅಮಿಟ್ರಾಜ್ ವಿಷಯ. ದನಕ್ಕೆ ತಂದ 12.5% ದ್ರಾವಣವನ್ನು ಉಣುಗಿಗೆ ಬಳಸುವ ಪ್ರಮಾಣ ಲೀಟರ್ ನೀರಿಗೆ 2 ಮಿ.ಲೀ. ನಾಯಿಗೂ ವೈದ್ಯರು ಬರೆದುಕೊಡುವುದುಂಟು, ಆದರೆ ನಿಮ್ಮಲ್ಲಿ ಮರಿಗಳಿಗೆ ಹಾಲೂಡಿಸುವ ತಾಯಿ ಇದೆ, ಅವಳ ಮೈ ನೆಕ್ಕುವ ಮರಿಗಳಿವೆ, ಬೆಕ್ಕಿದೆ. ಮೂರಕ್ಕೂ ಅದು ಸಲ್ಲದು. ಲ್ಯಾಬ್‌ಗೂ ಮಾತ್ರೆ ಕೊಟ್ಟ ಮೇಲೆ ಅದರ ಅಗತ್ಯವಿಲ್ಲ. ಯಾವಾಗಲಾದರೂ ಅಮಿಟ್ರಾಜ್ ಹಾಕಿದ ನಾಯಿ ಮಂಕಾಗಿ, ತೂಗಾಡಿ, ವಾಂತಿ ಮಾಡಿದರೆ ತಡಮಾಡದೆ ತೊಳೆದು ಆಸ್ಪತ್ರೆಗೆ ಒಯ್ಯಿರಿ. ಡಯಾಬಿಟಿಸ್ ಇರುವ ನಾಯಿಗೆ ಅದು ರಕ್ತದ ಸಕ್ಕರೆ ಏರಿಸುತ್ತದೆ.

ಬೆಕ್ಕಿನ ವಿಷಯದಲ್ಲಿ ಪರ್ಮೆಥ್ರಿನ್ ಇರುವ ನಾಯಿಯ ಸ್ಪಾಟ್-ಆನ್ ಮನೆಗೇ ತರಬೇಡಿ. ನಾಯಿಗೆ ಹಾಕಿದ್ದನ್ನು ಬೆಕ್ಕು ಒರಗಿ ಮಲಗಿ ಮೈಗೆ ಅಂಟಿಸಿಕೊಂಡರೂ ನಡುಕ, ಸೆಳೆತ ಬಂದು ಸಾಯಬಹುದು. ಅದೇ ಕಾರಣಕ್ಕೆ ಡೆಲ್ಟಾಮೆಥ್ರಿನ್ ಕಾಲರ್ ಕೂಡ ನಿಮ್ಮ ಮನೆಗೆ ಬೇಡ. ಇಮಿಡಾಕ್ಲೊಪ್ರಿಡ್-ಫ್ಲುಮೆಥ್ರಿನ್ ಕಾಲರ್ ಬೆಕ್ಕಿಗೂ ಪ್ರತ್ಯೇಕವಾಗಿ ಬರುತ್ತದೆ, ನಾಯಿಗೂ ಆ ಜಾತಿಯದನ್ನೇ ತನ್ನಿ.

ತಾಯಿಗೆ ಫ್ಲುರಲೇನರ್ ಕೊಡಬಹುದು, ಬಸುರಿ ಮತ್ತು ಬಾಣಂತಿ ನಾಯಿಗಳಿಗೆ ಕೊಡಲು ಅನುಮತಿ ಇರುವ ಔಷಧಿ. 16 ಕೆಜಿಗೆ 10–20 ಕೆಜಿಯ 500 ಮಿ.ಗ್ರಾಂ ಮಾತ್ರೆ, ಲ್ಯಾಬ್‌ಗೆ 20–40 ಕೆಜಿಯ 1000 ಮಿ.ಗ್ರಾಂ. ಊಟದ ಜೊತೆಯೇ ಕೊಡಿ, ಖಾಲಿ ಹೊಟ್ಟೆಯಲ್ಲಿ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. 12 ವಾರಕ್ಕೆ ಮುಂದಿನ ಡೋಸ್, ಗೋಡೆಗೆ ಹಾಕಿದ ತಾರೀಕಿನ ಪಕ್ಕದಲ್ಲೇ ಕ್ಯಾಲೆಂಡರಿನಲ್ಲಿ ಬರೆದಿಡಿ.

ಮರಿಗಳಿಗೆ ಮೂರು ವಾರಕ್ಕೆ ಮಾತ್ರೆ ಇಲ್ಲ, ಅಫೊಕ್ಸೊಲೇನರ್ ಕೂಡ ಎಂಟು ವಾರ ಮತ್ತು 2 ಕೆಜಿ ದಾಟಿದ ಮೇಲೆಯೇ. ಈಗ ದಾರಿ ಎರಡು. ಒಂದು, ದಿನಕ್ಕೆ ಎರಡು ಸಲ ಚಿಮಟದಿಂದ ಕೀಳುವುದು ಮತ್ತು ಹೇನು ಬಾಚಣಿಗೆಯಲ್ಲಿ ಬಾಚುವುದು. ಇನ್ನೊಂದು, 0.25% ಫಿಪ್ರೊನಿಲ್ ಸ್ಪ್ರೇ. ಎರಡು ದಿನದ ಮರಿಗೂ ಬಳಸಲು ಬರುವ ಒಂದೇ ಸುಲಭ ಔಷಧಿ ಇದು, ಸ್ಪಾಟ್-ಆನ್ ಬೇರೆ, ಇದು ಬೇರೆ. ಪ್ರಮಾಣ ಕೆಜಿಗೆ 3ರಿಂದ 6 ಮಿ.ಲೀ. 100 ಮಿ.ಲೀ. ಬಾಟಲಿಯ ಒಂದು ಒತ್ತಿಗೆ ಅರ್ಧ ಮಿ.ಲೀ. ಬರುತ್ತದೆ, ಅಂದರೆ ಒಂದು ಕೆಜಿ ಮರಿಗೆ ಆರು ಒತ್ತಿನಿಂದ ಶುರು. ದೊಡ್ಡ ಬಾಟಲಿಯ ಒತ್ತಿಗೆ ಇದಕ್ಕಿಂತ ಜಾಸ್ತಿ ಬರುತ್ತದೆ, ಆದ್ದರಿಂದ ಒತ್ತಿನ ಲೆಕ್ಕಕ್ಕೆ ಮೊದಲು ಬಾಟಲಿಯ ಅಳತೆ ಓದಿ. ಅಡುಗೆ ತೂಕದ ಯಂತ್ರದಲ್ಲಿ ಒಂದೊಂದು ಮರಿಯನ್ನೂ ತೂಗಿ, ಅಂದಾಜು ಬೇಡ. ಮುಖಕ್ಕೆ ನೇರ ಹೊಡೆಯದೆ ಕೈಗವಸಿನ ಬೆರಳಿಗೆ ಹಾಕಿ ಸವರಿ. ಅದರಲ್ಲಿ ಆಲ್ಕೋಹಾಲ್ ಇರುವುದರಿಂದ ಗಾಳಿ ಆಡುವ ಜಾಗ ಬೇಕು, ಒಲೆಯ ಹತ್ತಿರ ಬೇಡ. ಒಣಗುವವರೆಗೆ ಮರಿಗಳನ್ನು ತಾಯಿಯಿಂದ ಬೇರೆ ಇಡಿ, ಆದರೆ ಚಳಿ ಹಿಡಿಯದ ಹಾಗೆ ಬೆಚ್ಚಗೆ. ಮಂಕಾದ, ಒಸಡು ಬಿಳುಚಿದ ಮರಿಗೆ ಸ್ಪ್ರೇ ಮಾಡುವ ಮೊದಲು ವೈದ್ಯರಿಗೆ ತೋರಿಸಿ. ಮೂರು ವಾರದ ಮರಿಗೆ ರಕ್ತವೇ ಕಡಿಮೆ, ಉಣುಗು ಮತ್ತು ಚಿಗಟ ಎರಡೂ ಸೇರಿ ಅದನ್ನು ಬೇಗ ಹೀರಿಬಿಡುತ್ತವೆ.

ಚಿಗಟ ಹೌದೋ ಅಲ್ಲವೋ ತಿಳಿಯಲು ಬಾಚಣಿಗೆಗೆ ಬಂದ ಕರಿ ಪುಡಿಯನ್ನು ಒದ್ದೆ ಬಿಳಿ ಹತ್ತಿಯ ಮೇಲೆ ಉದುರಿಸಿ. ಕೆಂಪು ಕಂದು ಬಣ್ಣ ಬಿಟ್ಟರೆ ಅದು ಚಿಗಟದ ಹಿಕ್ಕೆ, ಬಿಡದಿದ್ದರೆ ಬರೀ ಮಣ್ಣು. ಚಿಗಟ ಇದ್ದರೆ ಹುಳದ ಮಾತ್ರೆ ಕೇಳುವಾಗ ಪ್ರಾಜಿಕ್ವಾಂಟೆಲ್ ಇರುವುದನ್ನೇ ಕೇಳಿ. ಚಿಗಟ ನುಂಗಿದ ನಾಯಿಗೆ ಲಾಡಿಹುಳು ಬರುತ್ತದೆ, ಬಾಲದಡಿಯಲ್ಲಿ ಅಕ್ಕಿಕಾಳಿನಂಥ ತುಂಡುಗಳು ಅಂಟಿರುವುದು ಅದೇ.

ಕೆಂಪುಚುಕ್ಕೆ:

ಕೊನೆಯದಾಗಿ ಒಂದೇ ಸೇರಿಸುತ್ತೇನೆ. ಔಷಧಿ ಅಂಗಡಿಯಲ್ಲಿ "ಇದು ಎಲ್ಲದಕ್ಕೂ ಆಗುತ್ತೆ" ಅಂತ ಐವರ್ಮೆಕ್ಟಿನ್ 1% ಇಂಜೆಕ್ಷನ್ ಕೊಟ್ಟರೆ ತರಬೇಡಿ. ಮಾಮೂಲಿ ಡೋಸಿನಲ್ಲಿ ಅದು ನಾಯಿ ಉಣುಗಿಗೆ ಸಾಕಾಗುವುದಿಲ್ಲ, ಡೋಸ್ ಏರಿಸಿದರೆ ಮಿದುಳಿಗೆ ಅಪಾಯ. ಕೋಲಿ, ಶೆಲ್ಟಿ ಜಾತಿಯ ನಾಯಿಗಳಲ್ಲಿ ಬಹಳಷ್ಟಕ್ಕೆ ಅದನ್ನು ಮಿದುಳಿನಿಂದ ಹೊರಗಿಡುವ ಜೀನಿನಲ್ಲೇ ದೋಷವಿರುತ್ತದೆ, ಮಿಶ್ರತಳಿಯಲ್ಲಿ ಅದು ಇದೆಯೋ ಇಲ್ಲವೋ ನೋಡಿ ಹೇಳಲಾಗದು. ನಿಮ್ಮ ಮರಿಗಳ ಅಪ್ಪ ಯಾವ ತಳಿ ಅನ್ನುವುದು ಗೊತ್ತಿದ್ದರೆ ವೈದ್ಯರಿಗೆ ಅದನ್ನೂ ಹೇಳಿ.